ಹಾದಿಯಲ್ಲಿ ಅಂತರ್ಜಾಲ ದೊರೆಯುವುದೆಂತು?

ಕೆಲವು ಕಾಲದ ಹಿಂದೆ ನಾವು ವಿದ್ಯಾರ್ಥಿಗಳ ಸಣ್ಣ ತಂಡವೊಂದರ ಜೊತೆಗೆ ಕಾಳಗಿಯಿಂದ ಚಿಂಚೋಳಿಯ ಕಾಡಿನ ಕಡೆಗೆ ಬಸ್ಸಿನಲ್ಲಿ ಹೊರಟಿದ್ದೆವು. ಊರು ಹಿಂದಾಗಿ, ತೊಗರಿಯ ಹೊಲಗಳ ನಡುವೆ ಸ್ವಲ್ಪ ದೂರ ಸಾಗುವಷ್ಟರಲ್ಲಿ ಒಬ್ಬ ವಿದ್ಯಾರ್ಥಿ ಗಾಬರಿಯಿಂದ ನಮ್ಮ ಬಳಿಗೆ ಬಂದನು. ಅವನ ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ. ಅರ್ಜಿಯನ್ನು ತುಂಬಿಯಾಗಿತ್ತು, ಅಂಕಪಟ್ಟಿಯ ಚಿತ್ರವನ್ನು ಕಳುಹಿಸುವುದು ಮಾತ್ರ ಉಳಿದಿತ್ತು. ಫೋನಿನ ಮೂಲೆಯಲ್ಲಿ ಸಿಗ್ನಲಿನ ಎರಡು ಗೀಟುಗಳು ಸ್ಪಷ್ಟವಾಗಿಯೇ ಕಾಣುತ್ತಿದ್ದುವು. ಆದರೂ ಚಿತ್ರ ಹೋಗಲೊಲ್ಲದು. ಪಕ್ಕದವನ ಫೋನಿನಿಂದ ಪ್ರಯತ್ನಿಸಿದುದೂ ವ್ಯರ್ಥವಾಯಿತು. ಫೋನು ಕೆಟ್ಟಿದೆಯೆಂದು ಒಬ್ಬನು ಹೇಳಿದನು, ಕಂಪನಿಯದೇ ತಪ್ಪೆಂದು ಇನ್ನೊಬ್ಬನು, ಹಣೆಬರಹವೆಂದು ಮತ್ತೊಬ್ಬನು. ಮೂವರೂ ಭೌತಶಾಸ್ತ್ರವನ್ನು ಓದುತ್ತಿದ್ದವರು. ಆದರೆ ಭೌತಶಾಸ್ತ್ರದ ಕಡೆಗೆ ಯಾರೂ ನೋಡಲಿಲ್ಲ.

ಸೇಡಂ, ಚಿತ್ತಾಪುರ, ಕಾಳಗಿ, ಚಿಂಚೋಳಿಗಳ ನಡುವೆ ಓಡಾಡುವ ವಿದ್ಯಾರ್ಥಿಗಳಿಗೆ ಇಂತಹ ಸಂಕಟ ಹೊಸತಲ್ಲ. ಪ್ರವೇಶದ ಅರ್ಜಿ, ಪರೀಕ್ಷೆಯ ಫಲಿತಾಂಶ, ವೇತನದ ಹಣ ಎಲ್ಲವೂ ಇಂದು ಅಂತರ್ಜಾಲದ ಮೂಲಕವೇ ಬರಬೇಕಾಗಿರುವುದರಿಂದ, ಹಾದಿಯಲ್ಲಿ ಅದು ಏಕೆ ಕೈಕೊಡುತ್ತದೆ, ಕೈಕೊಟ್ಟಾಗ ಏನು ಮಾಡಬಹುದು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಕೈಯಲ್ಲಿರುವುದು ರೇಡಿಯೊ

ನಾವು ಫೋನೆಂದು ಕರೆಯುವ ಉಪಕರಣವು ಮೂಲತಃ ಒಂದು ರೇಡಿಯೊ. ಆದರೆ ಇದು ಕೇವಲ ಕೇಳುವ ರೇಡಿಯೊ ಅಲ್ಲ. ಗ್ರಾಹಕವೂ ಪ್ರೇಷಕವೂ ಒಂದರಲ್ಲಿಯೇ ಅಡಗಿವೆ. ಇದು ಹತ್ತಿರದ ಗೋಪುರದೊಡನೆ ವಿದ್ಯುತ್ಕಾಂತ ಅಲೆಗಳ ಮೂಲಕ ಮಾತನಾಡುತ್ತದೆ. ಇಂತಹ ಅಲೆಗಳಿರಬೇಕೆಂದು ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಗಣಿತದಿಂದ ತೋರಿಸಿದನು. 1887-88ರಲ್ಲಿ ಹರ್ಟ್ಸ್ ಅವನ್ನು ಪ್ರಯೋಗಶಾಲೆಯಲ್ಲಿ ಉಂಟುಮಾಡಿದನು. ಅವು ಬೆಳಕಿನ ಬಳಗಕ್ಕೇ ಸೇರಿದುವು. ಬೆಳಕಿನಂತೆಯೇ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುತ್ತವೆ. ಭೇದವಿರುವುದು ಅಲೆಯುದ್ದದಲ್ಲಿ. ಫೋನುಗಳು ಬಳಸುವ 900 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 33 ಸೆಂಟಿಮೀಟರು. 1800 ಮೆಗಾಹರ್ಟ್ಸಿನದು ಅದರ ಅರ್ಧ. 2300ರದು ಸುಮಾರು 13 ಸೆಂಟಿಮೀಟರು.

ದೀಪದಿಂದ ದೂರ ಹೋದಂತೆಲ್ಲ ಬೆಳಕು ಕುಗ್ಗುವುದಷ್ಟೆ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲೊಂದಾಗುತ್ತದೆ. ರೇಡಿಯೊ ಅಲೆಗಳಿಗೂ ತೆರಪಾದ ಆಕಾಶದಲ್ಲಿ ಇದೇ ನಿಯಮ. ಆದರೆ ನೆಲದ ಮೇಲೆ ಸಾಗುವಾಗ ನೇರವಾಗಿ ಬಂದ ಅಲೆಯನ್ನು ನೆಲದಿಂದ ಪ್ರತಿಫಲಿಸಿ ಬಂದ ಅಲೆ ಅಳಿಸತೊಡಗುವುದರಿಂದ ನಷ್ಟ ಇನ್ನೂ ಹೆಚ್ಚು. ದೂರ ಇಮ್ಮಡಿಯಾದಾಗ ಶಕ್ತಿ ಹದಿನಾರರಲ್ಲೊಂದರಷ್ಟಕ್ಕೆ ಇಳಿಯುವುದೂ ಉಂಟು.

ದಿಗಂತ, ಗುಡ್ಡ, ಕಲ್ಲಿನ ಗೋಡೆ

ಭೂಮಿ ಗುಂಡಗಿರುವುದರಿಂದ ಗೋಪುರಕ್ಕೂ ಒಂದು ದಿಗಂತವಿದೆ. ಗೋಪುರದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. 40 ಮೀಟರಿನ ಗೋಪುರಕ್ಕೆ ಇದು ಸುಮಾರು 22 ಕಿಲೋಮೀಟರು. ವಾತಾವರಣವು ರೇಡಿಯೊ ಅಲೆಗಳನ್ನು ಸ್ವಲ್ಪ ಕೆಳಕ್ಕೆ ಬಾಗಿಸುವುದರಿಂದ ನಿಜವಾದ ದೂರ ಇನ್ನೂ ಕೊಂಚ ಹೆಚ್ಚು. ಸೇಡಂ ಕಡೆಯ ಬಯಲಿನಲ್ಲಿ ಈ ಲೆಕ್ಕಕ್ಕೆ ಅರ್ಥವುಂಟು. ಚಿಂಚೋಳಿಯ ಕಾಡುಗುಡ್ಡಗಳ ನಡುವೆ ಅರ್ಥವಿಲ್ಲ. ಅಲ್ಲಿ ತಗ್ಗಿಗೆ ಇಳಿದ ಬಸ್ಸಿಗೂ ಗೋಪುರಕ್ಕೂ ನಡುವೆ ಗುಡ್ಡವೊಂದು ಅಡ್ಡ ಬಂದರೆ ಸಾಕು, ಸಿಗ್ನಲು ಅಡಗುತ್ತದೆ. ಅಲೆಗಳು ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಬಲ್ಲವು ನಿಜ. ಆದರೆ ಉದ್ದವಾದ ಅಲೆಗಳು ಹೆಚ್ಚು ಬಾಗುತ್ತವೆ, ಗಿಡ್ಡ ಅಲೆಗಳು ಕಡಿಮೆ. ಆದುದರಿಂದಲೇ ಹಳ್ಳಿಗಾಡಿಗೆ 700, 800, 900 ಮೆಗಾಹರ್ಟ್ಸಿನ ಅಲೆಗಳು ಹೆಚ್ಚು ಅನುಕೂಲ.

ಮನೆಯೂ ಒಂದು ಅಡ್ಡಿಯೇ. ಶಹಾಬಾದಿನ ಕಲ್ಲಿನಿಂದ ಕಟ್ಟಿದ ದಪ್ಪ ಗೋಡೆಗಳು ಬೇಸಗೆಯ ಬಿಸಿಲನ್ನು ತಡೆಯುವಂತೆ ಈ ಅಲೆಗಳನ್ನೂ ಬಹುಮಟ್ಟಿಗೆ ತಡೆಯುತ್ತವೆ. ನಮ್ಮ ಕಡೆಯ ಜನರು ಮಾತನಾಡಲು ಮಾಳಿಗೆಯನ್ನೇರುವುದು ಈ ಕಾರಣದಿಂದಲೇ. ಬಸ್ಸು ಮತ್ತು ರೈಲುಡಬ್ಬಿಗಳು ಲೋಹದ ಪೆಟ್ಟಿಗೆಗಳು. ಅಲೆ ಒಳಗೆ ಬರುವುದು ಕಿಟಕಿಗಳಿಂದ ಮಾತ್ರ. ಫೋನನ್ನು ಸೀಟಿನ ಕೆಳಗಿನ ಚೀಲದಿಂದ ತೆಗೆದು ಕಿಟಕಿಯ ಬಳಿ ಹಿಡಿದರೆ ಆಗುವ ಲಾಭವನ್ನು ವಾಚಕರು ತಾವೇ ಪರೀಕ್ಷಿಸಿ ನೋಡಬಹುದು.

ಇನ್ನೊಂದು ವಿನೋದವನ್ನೂ ಹೇಳಬೇಕು. ಗೋಡೆ, ಬಂಡೆಗಳಿಂದ ಪ್ರತಿಫಲಿಸಿದ ಅಲೆಗಳು ಒಂದರ ಮೇಲೊಂದು ಬಿದ್ದು, ಕೆಲವು ಸ್ಥಾನಗಳಲ್ಲಿ ಕೂಡಿಕೊಳ್ಳುತ್ತವೆ, ಕೆಲವು ಸ್ಥಾನಗಳಲ್ಲಿ ಪರಸ್ಪರ ಅಳಿಸಿಕೊಳ್ಳುತ್ತವೆ. ಅಳಿಸಿಕೊಂಡ ಎರಡು ಸ್ಥಾನಗಳ ನಡುವಿನ ಅಂತರ ಸುಮಾರು ಅರ್ಧ ಅಲೆಯುದ್ದ. 1800 ಮೆಗಾಹರ್ಟ್ಸಿಗೆ ಇದು ಬರಿಯ 8 ಸೆಂಟಿಮೀಟರು! ಹಾಗೆಂದಮೇಲೆ, ನಿಂತಲ್ಲಿ ಸಿಗ್ನಲು ಇಲ್ಲದಿದ್ದರೆ ಫೋನನ್ನು ಒಂದು ಗೇಣು ಆಚೀಚೆ ಸರಿಸುವುದು ಹುಚ್ಚಾಟವಲ್ಲ, ಭೌತಶಾಸ್ತ್ರ.

ಕೇಳುವುದು ಸುಲಭ, ಹೇಳುವುದು ಕಷ್ಟ

ಈಗ ಆ ಎರಡು ಗೀಟುಗಳ ರಹಸ್ಯಕ್ಕೆ ಬರೋಣ. ಜಾತ್ರೆಯ ದಿನ ದೇವಸ್ಥಾನದ ಧ್ವನಿವರ್ಧಕ ದೂರದ ಹೊಲಕ್ಕೂ ಕೇಳಿಸುತ್ತದೆ. ಹೊಲದಲ್ಲಿರುವ ರೈತನು ಅಲ್ಲಿಂದ ಕೂಗಿ ಉತ್ತರ ಕೊಟ್ಟರೆ ದೇವಸ್ಥಾನಕ್ಕೆ ಕೇಳುವುದೆ? ಗೋಪುರವು ಹತ್ತಾರು ವಾಟುಗಳ ಶಕ್ತಿಯಿಂದ ಪ್ರಸಾರ ಮಾಡುತ್ತದೆ. ನಮ್ಮ ಫೋನಿನ ಶಕ್ತಿ ಸಾಮಾನ್ಯವಾಗಿ 0.2 ವಾಟನ್ನು ಮೀರುವುದಿಲ್ಲ. ಗೋಪುರದ ಸೂಕ್ಷ್ಮ ಗ್ರಾಹಕವು ಈ ಅಂತರವನ್ನು ಕೆಲಮಟ್ಟಿಗೆ ತುಂಬಿಕೊಡುತ್ತದೆ, ಪೂರ್ಣವಾಗಿ ಅಲ್ಲ. ಫೋನಿನ ಮೂಲೆಯ ಗೀಟುಗಳು ತಿಳಿಸುವುದು ಗೋಪುರದ ಧ್ವನಿ ನಮಗೆ ಎಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ. ನಮ್ಮ ಧ್ವನಿ ಗೋಪುರಕ್ಕೆ ಎಷ್ಟು ಕೇಳುತ್ತಿದೆ ಎಂಬುದನ್ನಲ್ಲ. ಬಸ್ಸಿನಲ್ಲಿದ್ದ ಹುಡುಗನು ಪುಟವನ್ನು ತೆರೆದು ಓದಬಲ್ಲವನಾಗಿದ್ದರೂ ಚಿತ್ರವನ್ನು ಕಳುಹಿಸಲಾರದೆ ಹೋದುದಕ್ಕೆ ಇದೇ ಕಾರಣ.

ಸಿಗ್ನಲು ಕುಗ್ಗಿದ ಕಡೆ ಫೋನು ತನ್ನ ಪ್ರಸಾರಶಕ್ತಿಯನ್ನು ಗರಿಷ್ಠಕ್ಕೇರಿಸಿ ಕೂಗುತ್ತದೆ. ಗೋಪುರವನ್ನು ಮತ್ತೆ ಮತ್ತೆ ಹುಡುಕುತ್ತದೆ. ಕಾಡುಹಾದಿಯಲ್ಲಿ ಬ್ಯಾಟರಿ ಬೇಗ ಬರಿದಾಗುವುದು ಹೀಗೆ.

ಬಾಗಿಲು ಕಿರಿದಾಗುವುದು, ಮುಚ್ಚುವುದಿಲ್ಲ

ಸಿಗ್ನಲು ದುರ್ಬಲವಾದಾಗ ಅಂತರ್ಜಾಲ ಸತ್ತೇಹೋಯಿತೆಂದು ನಾವು ಭಾವಿಸುತ್ತೇವೆ. ಇದು ತಪ್ಪು. 1948ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಎಂಬ ವಿಜ್ಞಾನಿ, ಗದ್ದಲದ ನಡುವೆ ಎಷ್ಟು ವೇಗವಾಗಿ ತಪ್ಪಿಲ್ಲದೆ ಸುದ್ದಿ ಕಳುಹಿಸಬಹುದೆಂಬುದಕ್ಕೆ ಒಂದು ಸೂತ್ರವನ್ನು ಕಂಡುಹಿಡಿದನು. ಅದರ ಪ್ರಕಾರ, ಸಿಗ್ನಲು ಗದ್ದಲದಷ್ಟೇ ಬಲವಾಗಿದ್ದರೆ 10 ಲಕ್ಷ ಹರ್ಟ್ಸ್ ಅಗಲದ ಪಟ್ಟಿಯಲ್ಲಿ ಸೆಕೆಂಡಿಗೆ 10 ಲಕ್ಷ ಬಿಟ್ಟುಗಳನ್ನು ಕಳುಹಿಸಬಹುದು. ಸಿಗ್ನಲು ಗದ್ದಲದ ಹತ್ತರಲ್ಲೊಂದಕ್ಕೆ ಇಳಿದರೆ? ಆಗಲೂ ಸೆಕೆಂಡಿಗೆ ಸುಮಾರು 1,37,000 ಬಿಟ್ಟುಗಳು ಸಾಧ್ಯ. ನಿಜವಾದ ಯಂತ್ರಗಳು ಈ ಮಿತಿಯನ್ನು ಮುಟ್ಟಲಾರವು. ಒಂದು ಹಂತದ ಕೆಳಗೆ ಸೋತು ಕೈಬಿಡುತ್ತವೆ. ಆದರೆ ಅಲ್ಲಿಯವರೆಗೆ ಬಾಗಿಲು ಕಿರಿದಾಗುತ್ತದೆಯೇ ಹೊರತು ಮುಚ್ಚುವುದಿಲ್ಲ.

ಕಿರಿದಾದ ಬಾಗಿಲಿನಲ್ಲಿ ದೊಡ್ಡ ಗಂಟನ್ನು ತುರುಕಿದರೆ ಏನಾಗುವುದೆಂದು ಲೆಕ್ಕ ಹಾಕೋಣ. ಹುಡುಗನ ಚಿತ್ರದ ಗಾತ್ರ 3 ಮೆಗಾಬೈಟು, ಎಂದರೆ 240 ಲಕ್ಷ ಬಿಟ್ಟು. ಸೆಕೆಂಡಿಗೆ 50,000 ಬಿಟ್ಟುಗಳು ಹೋಗುತ್ತಿದ್ದರೆ ಇದಕ್ಕೆ 8 ನಿಮಿಷ ಬೇಕು. ಗಂಟೆಗೆ 40 ಕಿಲೋಮೀಟರು ವೇಗದ ಬಸ್ಸು ಅಷ್ಟರಲ್ಲಿ 5 ಕಿಲೋಮೀಟರಿಗೂ ಹೆಚ್ಚು ಹೋಗಿರುತ್ತದೆ. ನಡುವೆ ಒಂದು ತಗ್ಗು ಬಂದರೆ ಎಲ್ಲವೂ ಮೊದಲಿನಿಂದ ಆರಂಭವಾಗಬೇಕು. ಅದೇ ಚಿತ್ರವನ್ನು 50 ಕಿಲೋಬೈಟಿಗೆ ಕುಗ್ಗಿಸಿದರೆ ಬೇಕಾಗುವ ಕಾಲ 8 ಸೆಕೆಂಡು; ಬಸ್ಸು ಸಾಗುವುದು 90 ಮೀಟರಿಗಿಂತ ಕಡಿಮೆ.

ಎಲ್ಲಕ್ಕಿಂತ ಸಣ್ಣ ಗಂಟು ಎಸ್‌ಎಂಎಸ್. ಒಂದು ಸಂದೇಶದ ಗಾತ್ರ 140 ಬೈಟು. ಇಂಗ್ಲಿಷಿನ ಅಕ್ಷರಕ್ಕೆ 7 ಬಿಟ್ಟು ಸಾಕಾಗುವುದರಿಂದ ಅದರಲ್ಲಿ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದ ಪ್ರತಿ ಚಿಹ್ನೆಗೆ 16 ಬಿಟ್ಟು ಬೇಕಾದುದರಿಂದ 70 ಮಾತ್ರ. ಅದರಲ್ಲಿಯೂ ಸ್ವರಚಿಹ್ನೆಗಳನ್ನು ಬೇರೆ ಎಣಿಸಬೇಕು. ‘ಕಾಳಗಿ’ ಎಂಬ ಮೂರಕ್ಷರದ ಹೆಸರಿಗೆ 5 ಚಿಹ್ನೆಗಳಾಗುತ್ತವೆ. ಆದರೂ ಹೆದರಬೇಕಾಗಿಲ್ಲ, ‘ಕ್ಷೇಮವಾಗಿ ತಲುಪಿದೆ’ ಎಂಬುದಕ್ಕೆ 70 ಧಾರಾಳವಾಗಿ ಸಾಕು. ಅಂತರ್ಜಾಲವಿಲ್ಲದ ಕಡೆಯೂ ಎಸ್‌ಎಂಎಸ್ ಹೋಗಬಹುದು. ಪಡೆಯುವವನು ಸಿಗ್ನಲಿನ ಹೊರಗಿದ್ದರೆ ಅದು ಕೇಂದ್ರದಲ್ಲಿ ಕಾದುಕೊಂಡಿದ್ದು ಮತ್ತೆ ಪ್ರಯತ್ನಿಸುತ್ತದೆ.

ಗೋಪುರದ ಆಚೆ

ಗೀಟುಗಳೆಲ್ಲ ತುಂಬಿದ್ದರೂ ಅಂತರ್ಜಾಲ ಬಾರದಿರುವುದುಂಟು. ಗೋಪುರವು ದಾರಿಯ ಕೊನೆಯಲ್ಲ. ಅಲ್ಲಿಂದ ಮುಂದೆ ಸುದ್ದಿ ಗಾಜಿನ ಎಳೆಯಲ್ಲಿ ಬೆಳಕಾಗಿಯೋ, ಗೋಪುರದಿಂದ ಗೋಪುರಕ್ಕೆ ಸೂಕ್ಷ್ಮತರಂಗವಾಗಿಯೋ ಸಾಗಬೇಕು. ರಸ್ತೆ ಅಗೆಯುವಾಗ ಎಳೆ ತುಂಡಾದರೆ, ವಿದ್ಯುತ್ತು ಹೋಗಿ ಗೋಪುರದ ಬ್ಯಾಟರಿ ಬರಿದಾದರೆ, ಹಳ್ಳಿಯ ಫೋನುಗಳೆಲ್ಲ ಒಮ್ಮೆಗೇ ಮೂಕವಾಗುತ್ತವೆ. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಯಂತಹ ಜನಜಂಗುಳಿಯಲ್ಲಿ ಕಾರಣವೇ ಬೇರೆ. ಗೋಪುರದ ಪಾಲನ್ನು ಸಾವಿರಾರು ಜನರು ಹಂಚಿಕೊಳ್ಳಬೇಕಾಗುವುದು.

ರೈಲುಮಾರ್ಗದ ಪಕ್ಕದಲ್ಲಿರುವವರಿಗೆ ಒಂದು ಅನುಕೂಲವಿದೆ. 2000ದಲ್ಲಿ ಸ್ಥಾಪನೆಯಾದ ರೈಲ್‌ಟೆಲ್ ಸಂಸ್ಥೆ ಹಳಿಗಳ ಬದಿಯಲ್ಲಿ ಗಾಜಿನ ಎಳೆಗಳನ್ನು ಹಾಸಿತು; ನಿಲ್ದಾಣಗಳಲ್ಲಿ ವೈಫೈ ಒದಗಿಸುವ ಅದರ ಕಾರ್ಯ 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಿಂದ ಆರಂಭವಾಯಿತು. ಗ್ರಾಮ ಪಂಚಾಯಿತಿಗಳಿಗೆ ಇಂತಹ ಎಳೆಯನ್ನು ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರವು 2011ರಲ್ಲಿ ಒಪ್ಪಿಗೆಯಿತ್ತಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿಕೊಂಡಿತು.

ಪ್ರಯಾಣಿಕನ ಸಿದ್ಧತೆ

ಇಷ್ಟನ್ನು ತಿಳಿದ ಪ್ರಯಾಣಿಕನು ಏನು ಮಾಡಬೇಕು? ಭಾರವಾದುದನ್ನು ಊರಿನಲ್ಲಿಯೇ ಇಳಿಸಿಕೊಳ್ಳಬೇಕು: ನಕ್ಷೆ, ಪಾಠ, ಪ್ರವೇಶಪತ್ರ ಇತ್ಯಾದಿ. ನಕ್ಷೆಯೊಂದು ಫೋನಿನೊಳಗಿದ್ದರೆ, ತಾನೆಲ್ಲಿರುವೆನೆಂದು ತಿಳಿಯಲು ಗೋಪುರವೇ ಬೇಡ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಮಾತನ್ನು ಫೋನು ಕೇಳಿದರೆ ಸಾಕು, ಉತ್ತರಿಸಬೇಕಾಗಿಲ್ಲ. ಗೋಪುರದ ನೆರವಿಲ್ಲದಾಗ ಇದಕ್ಕೆ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಬೇಕಾಗುವುದು. ತಾಳ್ಮೆಯಿಂದ ತೆರೆದ ಆಕಾಶದ ಕೆಳಗೆ ನಿಲ್ಲಬೇಕು. ಸಿಗ್ನಲಿಲ್ಲದ ಹಾದಿಯಲ್ಲಿ ಫೋನನ್ನು ವಿಮಾನಸ್ಥಿತಿಯಲ್ಲಿಟ್ಟರೆ ಬ್ಯಾಟರಿ ಉಳಿಯುತ್ತದೆ. ಕಳುಹಿಸಬೇಕಾದುದನ್ನು ಕುಗ್ಗಿಸಬೇಕು, ಎತ್ತರವನ್ನು ಹುಡುಕಬೇಕು, ನಿಂತು ಕಳುಹಿಸಬೇಕು.

ನಮ್ಮ ವಿದ್ಯಾರ್ಥಿಗೆ ನಾವು ಹೇಳಿದುದೂ ಇಷ್ಟೆ. ಅವನು ಚಿತ್ರವನ್ನು ಕತ್ತರಿಸಿ ಕುಗ್ಗಿಸಿ ಸಿದ್ಧವಾಗಿಟ್ಟುಕೊಂಡನು. ಬಸ್ಸು ಏರಿನ ಮೇಲಿನ ಹಳ್ಳಿಯೊಂದರಲ್ಲಿ ಚಹಕ್ಕೆ ನಿಂತಾಗ, ರಸ್ತೆಯ ಬದಿಯ ದಿಬ್ಬವನ್ನೇರಿ ಫೋನನ್ನು ತಲೆಯ ಮೇಲೆತ್ತಿ ಹಿಡಿದನು. ಮೊದಲ ಸಲ ಆಗಲಿಲ್ಲ. ಎರಡು ಹೆಜ್ಜೆ ಸರಿದು ಮತ್ತೆ ಪ್ರಯತ್ನಿಸಿದನು. ಕೆಲವೇ ಸೆಕೆಂಡುಗಳಲ್ಲಿ ಅರ್ಜಿ ತಲುಪಿತೆಂಬ ಉತ್ತರ ಬಂದಿತು. ಫೋನು ಅದೇ, ಕಂಪನಿ ಅದೇ, ಹಣೆಬರಹವೂ ಅದೇ. ಬದಲಾದುದು ಗಂಟಿನ ಗಾತ್ರ ಮತ್ತು ನಿಂತ ನೆಲದ ಎತ್ತರ.

ಕಾಳಗಿಯ ಹುಡುಗನಿಗೂ ಬೆಂಗಳೂರಿನ ಹುಡುಗನಿಗೂ ಅರ್ಜಿಯ ಕೊನೆಯ ದಿನ ಒಂದೇ. ಬಾಗಿಲಿನ ಅಗಲ ಮಾತ್ರ ಒಂದೇ ಅಲ್ಲ. ಬಾಗಿಲನ್ನು ಅಗಲಿಸುವುದು ಸರಕಾರದ, ಸಮಾಜದ ಹೊಣೆ. ಅದು ಅಗಲವಾಗುವವರೆಗೆ, ಕಿರಿದಾದ ಬಾಗಿಲಿನಲ್ಲಿ ಹಾದುಹೋಗುವ ಉಪಾಯವನ್ನಾದರೂ ನಾವು ಕಲಿತಿರೋಣ.