ಭಿತ್ತಿಪತ್ರದಿಂದ ಪ್ರಾರ್ಥನೆಗೆ

ಹೊಟ್ಟೆಪಾಡಿಗಾಗಿ ಮಾಡುವ ಕಲೆಯು ಕೀಳು, ಆತ್ಮತೃಪ್ತಿಗಾಗಿ ಮಾಡುವುದೇ ಮೇಲು ಎಂಬ ಮಾತು ಲೋಕದಲ್ಲಿ ರೂಢಿಯಾಗಿದೆ. ನಮ್ಮ ಆಲಂಕಾರಿಕರು ಇಷ್ಟು ಕಠಿನವಾಗಿ ಎಣಿಸಿದಂತೆ ತೋರುವುದಿಲ್ಲ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯದ ಪ್ರಯೋಜನಗಳನ್ನು ಹೇಳುವಾಗ ಯಶಸ್ಸಿನ ಬೆನ್ನಲ್ಲೇ ಧನವನ್ನೂ ಸೇರಿಸಿ, ಪರಮಾನಂದವನ್ನೂ ಅದೇ ಪಂಕ್ತಿಯಲ್ಲಿ ಕುಳ್ಳಿರಿಸಿದ್ದಾನೆ. ಒಬ್ಬನದೇ ಕೈಯಿಂದ ಇವೆರಡೂ ಹೇಗೆ ಸಾಧಿಸಬಹುದೆಂಬುದಕ್ಕೆ ಚೆಕ್ ದೇಶದ ಚಿತ್ರಕಾರನಾದ ಆಲ್ಫೋನ್ಸ್ ಮುಖಾನ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಈತನು 1860ರಲ್ಲಿ ಮೊರಾವಿಯಾ ಪ್ರಾಂತದ ಇವಾನ್ಚಿತ್ಸೆ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ತಂದೆಯು ನ್ಯಾಯಾಲಯದಲ್ಲಿ ಜವಾನ. ಬಾಲಕನ ಕಂಠವು ಇಂಪಾಗಿದ್ದುದರಿಂದ ಬ್ರ್ನೋ ನಗರದ ಸಂತ ಪೀಟರನ ಇಗರ್ಜಿಯ ಗಾಯಕವೃಂದದಲ್ಲಿ ಸ್ಥಾನವೂ, ಅದರಿಂದ ವಿದ್ಯಾಭ್ಯಾಸಕ್ಕೆ ಅನುಕೂಲವೂ ದೊರೆತವು. ಕಥೋಲಿಕರ ಪೂಜಾಸ್ಥಾನವೆಂದರೆ ಮುಗಿಲಿಗೇರುವಂತಹ ಕಮಾನುಗಳು, ಬಣ್ಣದ ಗಾಜಿನೊಳಗಿಂದ ಇಳಿಯುವ ಬೆಳಕು, ಮೇಣದ ಬತ್ತಿಗಳು, ಸಾಂಬ್ರಾಣಿಯ ಧೂಮ, ಚಿನ್ನದ ಪ್ರಭಾವಳಿಯುಳ್ಳ ಸಂತರ ಪ್ರತಿಮೆಗಳು. ಹಾಡಲು ನಿಂತ ಹುಡುಗನ ಕಣ್ಣು ಇವನ್ನೆಲ್ಲ ಹೀರಿಕೊಂಡಿತು. ಸಂಗೀತ, ಚಿತ್ರ, ದೇವಾಲಯ ಈ ಮೂರೂ ತನ್ನ ಮನಸ್ಸಿನಲ್ಲಿ ಬೇರ್ಪಡಿಸಲಾರದಂತೆ ಹೆಣೆದುಕೊಂಡುವೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ.

ಕಂಠವು ಒಡೆದ ಮೇಲೆ ಹಾಡು ನಿಂತಿತು. ಮತ್ತೊಂದು ಊರಿನ ಇಗರ್ಜಿಯಲ್ಲಿ ಯಾನ್ ಉಮ್ಲೌಫನೆಂಬುವನು ಬರೆದ ಚಿತ್ರಗಳನ್ನು ಕಂಡು, ಇವನ್ನು ರಚಿಸಿದವನು ಇನ್ನೂ ಬದುಕಿರುವನೆಂದು ತಿಳಿದಾಗ, ಚಿತ್ರವೇ ತನ್ನ ವೃತ್ತಿಯಾಗಬಹುದೆಂಬ ಆಸೆಯು ಮೊಳೆಯಿತು. ಆದರೆ ಪ್ರಾಗ್ ನಗರದ ಕಲಾಶಾಲೆಯು 1878ರಲ್ಲಿ ಆತನನ್ನು ಸೇರಿಸಿಕೊಳ್ಳಲಿಲ್ಲ. ವಿಯೆನ್ನಾದಲ್ಲಿ ನಾಟಕಶಾಲೆಗಳ ಪರದೆ ಬರೆಯುವವರ ಬಳಿ ಕೆಲಸಕ್ಕೆ ಸೇರಿದನು. 1881ರಲ್ಲಿ ಅಲ್ಲಿಯ ರಿಂಗ್ ನಾಟಕಶಾಲೆಯು ಬೆಂಕಿಗೆ ಆಹುತಿಯಾಗಲು ಆ ಕೆಲಸವೂ ಹೋಯಿತು. ಕಡೆಗೆ ಒಬ್ಬ ಜಮೀನುದಾರನ ಆಶ್ರಯದಿಂದ ಪ್ಯಾರಿಸಿಗೆ ಬಂದು, ಪುಸ್ತಕಗಳಿಗೆ ಚಿತ್ರ ಬರೆಯುತ್ತ ಕಾಲ ಕಳೆದನು.

1895ನೆಯ ವರ್ಷದ ಮೊದಲನೆಯ ದಿನ ಪ್ಯಾರಿಸಿನ ಗೋಡೆಗಳ ಮೇಲೆ ‘ಜಿಸ್ಮೊಂಡಾ’ ನಾಟಕದ ಭಿತ್ತಿಪತ್ರವು ಕಾಣಿಸಿಕೊಂಡಿತು. ನಟಿ ಸಾರಾ ಬರ್ನಾರ್ಡಳು ಅದರಲ್ಲಿ ಕೈಯಲ್ಲಿ ತಾಳೆಗರಿ ಹಿಡಿದು, ತಲೆಯ ಹಿಂದೆ ಬಣ್ಣದ ಚೂರುಗಳ ಕುಸುರಿಯ ಕಮಾನುಳ್ಳವಳಾಗಿ, ಗೋಡೆಯ ಗೂಡಿನಲ್ಲಿ ನಿಂತ ಸಂತಳಂತೆ ಶೋಭಿಸಿದಳು. ಒಂದೇ ದಿನದಲ್ಲಿ ಮುಖಾನ ಹೆಸರು ಮನೆಮಾತಾಯಿತು. ಆ ನಟಿಯೊಡನೆ ಆರು ವರ್ಷಗಳ ಒಪ್ಪಂದವೂ ಆಯಿತು. ಅಲ್ಲಿಂದ ಮುಂದೆ ಸಿಗರೇಟಿನ ಕಾಗದ, ಬಿಸ್ಕತ್ತು, ದ್ರಾಕ್ಷಾರಸ ಇವುಗಳ ವರ್ತಕರು ಬಾಗಿಲಿಗೆ ಬಂದರು. ಅವರಿಗಾಗಿ ಬರೆದ ಎಷ್ಟೋ ಚಿತ್ರಗಳಲ್ಲಿ ಸ್ತ್ರೀಯ ಶಿರಸ್ಸಿನ ಹಿಂದೆ ಒಂದು ಅಲಂಕೃತ ಮಂಡಲವಿರುವುದನ್ನು ನಾವು ಕಾಣುತ್ತೇವೆ. ಬಲಿಪೀಠದ ಬಳಿ ಕಂಡ ಪ್ರಭಾವಳಿಯು ಪೇಟೆಯ ಸರಕಿಗೆ ಎರವಾಗಿ ಹೋಗಿದ್ದಿತು.

ಈ ಎರವನ್ನು ಹಿಂದಿರುಗಿಸಬೇಕೆಂಬ ಹಂಬಲವು ಆತನನ್ನು ಬಿಡಲಿಲ್ಲ. ಕೀರ್ತಿಯ ಶಿಖರದಲ್ಲಿದ್ದಾಗಲೇ, 1899ರ ಡಿಸೆಂಬರ್ 20ರಂದು, ‘ಲ ಪಾತೆರ್’ ಎಂಬ ಗ್ರಂಥವನ್ನು ಹೊರಗೆ ತಂದನು. ಏಸುವು ಶಿಷ್ಯರಿಗೆ ಉಪದೇಶಿಸಿದ ‘ಪರಲೋಕದ ತಂದೆ’ ಎಂಬ ಪ್ರಾರ್ಥನೆಯೇ ಅದರ ವಸ್ತು. ಪ್ರಾರ್ಥನೆಯನ್ನು ಏಳು ಭಾಗ ಮಾಡಿ, ಪ್ರತಿಯೊಂದಕ್ಕೂ ಮೂರು ಪುಟಗಳನ್ನು ಮೀಸಲಿಟ್ಟಿದ್ದಾನೆ: ಒಂದರಲ್ಲಿ ಅಲಂಕಾರಸಹಿತವಾದ ಮೂಲವಾಕ್ಯ, ಇನ್ನೊಂದರಲ್ಲಿ ತಾನೇ ಬರೆದ ವ್ಯಾಖ್ಯಾನ, ಮೂರನೆಯದರಲ್ಲಿ ಬಣ್ಣವಿಲ್ಲದ ಚಿತ್ರ. ಕತ್ತಲೆಯಲ್ಲಿ ತೊಳಲುವ ಮಾನವನು ಮೆಟ್ಟಲು ಮೆಟ್ಟಲಾಗಿ ಬೆಳಕಿಗೇರುವುದೇ ಇದರ ತಾತ್ಪರ್ಯ. ಅಚ್ಚಾದುದು 510 ಪ್ರತಿಗಳು ಮಾತ್ರ. ಊರೆಲ್ಲ ನೋಡಿದ ಭಿತ್ತಿಪತ್ರಗಳನ್ನು ಬಿಟ್ಟು, ಕೆಲವರೇ ನೋಡಿದ ಈ ಗ್ರಂಥವನ್ನು ಆತನು ತನ್ನ ಶ್ರೇಷ್ಠಕೃತಿಗಳಲ್ಲಿ ಎಣಿಸಿದನು.

ಮುಂದೆ 1910ರಲ್ಲಿ ಸ್ವದೇಶಕ್ಕೆ ಮರಳಿ, ಅಮೆರಿಕದ ಚಾರ್ಲ್ಸ್ ಕ್ರೇನನ ಧನಸಹಾಯದಿಂದ ‘ಸ್ಲಾವ್ ಮಹಾಕಾವ್ಯ’ವೆಂಬ 20 ಚಿತ್ರಗಳ ಮಾಲೆಯಲ್ಲಿ ತೊಡಗಿದನು. ದೊಡ್ಡವು ಸುಮಾರು 6 ಮೀಟರು, 8 ಮೀಟರು ಅಳತೆಯವು. 1928ರಲ್ಲಿ ಅವನ್ನು ಪ್ರಾಗ್ ನಗರಕ್ಕೆ ಒಪ್ಪಿಸಿದಾಗ ಹೊಸ ಪೀಳಿಗೆಯ ವಿಮರ್ಶಕರು ಇದು ಹಳೆಯ ಕಾಲದ್ದೆಂದು ಮೂಗು ಮುರಿದರು. ಅವುಗಳಿಗಾಗಿ ಆತನು ಬಯಸಿದ ಮಂದಿರವು ಆತನ ಜೀವಿತಕಾಲದಲ್ಲಿ ಏಳಲೇ ಇಲ್ಲ. ಅಂತರಂಗದ ಕಲೆಗೆ ಬೆಲೆ ತೆರಬೇಕಾಗುತ್ತದೆಂಬುದನ್ನು ಮರೆಯಲಾಗದು.

ಆದರೂ ಒಂದು ಧನ್ಯತೆ ಲಭಿಸಿತು. 1344ರಲ್ಲಿ ಆರಂಭವಾಗಿ 1929ರಲ್ಲಿ ಪೂರ್ಣವಾದ ಪ್ರಾಗಿನ ಸಂತ ವಿಟಸನ ಮಹಾದೇವಾಲಯಕ್ಕೆ 1931ರಲ್ಲಿ ಒಂದು ಗಾಜಿನ ಕಿಟಕಿಯನ್ನು ರಚಿಸಿಕೊಟ್ಟನು. ಸಿರಿಲ್, ಮೆಥೋಡಿಯಸ್ ಎಂಬ ಧರ್ಮಪ್ರಚಾರಕರ ಕಥೆ ಸುತ್ತಲೂ, ಬಾಲಕ ವೆನ್ಸೆಸ್ಲಾಸನೂ ಆತನ ಅಜ್ಜಿ ಲುಡ್ಮಿಲಳೂ ನಡುವೆಯೂ ಇದ್ದಾರೆ. ಇಗರ್ಜಿಯ ಬೆಳಕಿನಲ್ಲಿ ಬೆಳೆದ ಬಾಲಕನು ಎಪ್ಪತ್ತು ದಾಟಿದ ಮೇಲೆ ಇಗರ್ಜಿಗೇ ಬೆಳಕನ್ನು ಕೊಟ್ಟನು. ಅದರ ಖರ್ಚನ್ನು ವಹಿಸಿದ ಬ್ಯಾಂಕಿನ ಹೆಸರೂ ಆ ಗಾಜಿನ ಮೇಲೆಯೇ ಉಂಟು! ಭಿತ್ತಿಪತ್ರಕಾರನು ದೇವರ ಮನೆಯೊಳಗೂ ಪೂರ್ತಿ ಮರೆಯಾಗಲಿಲ್ಲ. ನಮಗಂತೂ ಇದು ಕಳಂಕವೆಂದು ತೋರದು. 1939ರಲ್ಲಿ ಜರ್ಮನರು ಪ್ರಾಗನ್ನು ಆಕ್ರಮಿಸಿ, ವೃದ್ಧನಾದ ಆತನನ್ನು ಹಿಡಿದು ವಿಚಾರಣೆಗೆ ಗುರಿಮಾಡಿದರು. ಅದೇ ಜುಲೈ 14ರಂದು ಆತನು ತೀರಿಕೊಂಡನು.

ಚಿತ್ರ ಬರೆಯುವ ಮಗುವು ಮುಂದೆ ಅಂಗಡಿಯ ಫಲಕ ಬರೆದು ಜೀವಿಸಬೇಕಾದೀತೆಂದು ಚಿಂತಿಸುವ ತಂದೆತಾಯಿಗಳುಂಟು. ಫಲಕ ಬರೆಯುವುದರಿಂದ ಕೈ ಕೆಡುವುದಿಲ್ಲವೆಂದು ಅವರಿಗೆ ವಿಜ್ಞಾಪಿಸುತ್ತೇವೆ. ಆ ಕೈ ಯಾವ ನಿಧಿಯಿಂದ ಬರೆಯುವುದೆಂಬುದೇ ಮುಖ್ಯ. ಆ ನಿಧಿಯು ಕೂಡುವುದು ಬಾಲ್ಯದಲ್ಲಿ. ಅದನ್ನು ಕೂಡಿಸಿಕೊಡುವ ಹೊಣೆಯು ಹಿರಿಯರಾದ ನಮ್ಮದು.