ಗಣಕಯಂತ್ರದ ಮನೆಯಲ್ಲಿ ಸಂಬಂಧಗಳ ಮಾರ್ಪಾಡು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಮೊದಲ ತಂಡದ ವಿದ್ಯಾರ್ಥಿಯಾದ ನಾನು ಹಳೆಯ ನೆನಪುಗಳನ್ನೇ ಬರೆಯಲು ಕುಳಿತೆನು. ಆದರೆ ಆ ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲ ಗುರುಗಳೂ ಸಹಪಾಠಿಗಳೂ ನಮ್ಮಲ್ಲಿದ್ದಾರೆ. ಆದುದರಿಂದ ಇಂದು ನಮ್ಮ ಮನೆಗಳಲ್ಲಿ ಮೊಮ್ಮಕ್ಕಳು ಆಡುತ್ತಿರುವ, ಹಿರಿಯರಾದ ನಮಗೆ ಅರ್ಥವಾಗದೆ ಉಳಿದಿರುವ ಒಂದು ಆಟದ ಬಗೆಗೆ ನಾಲ್ಕು ಮಾತು ಹೇಳಬಯಸುತ್ತೇನೆ. ವಿಷಯ ಹಗುರವೆಂದು ತೋರಬಹುದು. ಅದರಿಂದ ನಾನು ಕಲಿತದ್ದು ಹಗುರವಾದುದಲ್ಲ.

ನೂಲಿನ ವ್ಯಾಪಾರಸ್ಥರೊಬ್ಬರ ಪೇಢಿಯಲ್ಲಿ ಮೂವತ್ತು ವರುಷಕ್ಕೂ ಮಿಕ್ಕಿ ಜಮಾ-ಖರ್ಚು ಬರೆದವನು ನಾನು. ಅಂಕಿಗಳಲ್ಲಿ ನಂಬಿಕೆಯುಳ್ಳವನು. ಪುಣೆಯಲ್ಲಿ ಓದುವ ನನ್ನ ಮೊಮ್ಮಗಳು ಕಳೆದ ಬೇಸಿಗೆಯ ರಜೆಗೆ ಶಹಾಪುರದ ನಮ್ಮ ಮನೆಗೆ ಬಂದಿದ್ದಳು. ಹೊರಗೆ ಓಣಿಯ ತುಂಬ ಮಗ್ಗಗಳ ಸದ್ದು. ಒಳಗೆ ಅವಳು ಗಣಕಯಂತ್ರದ ಮುಂದೆ. ಒಂದು ಮಧ್ಯಾಹ್ನ ನನ್ನನ್ನು ಕರೆದು, “ಅಜ್ಜಾ, ಇದ ನಮ್ಮ ಮನಿ. ಇಲ್ನೋಡು, ನೀ ಇಲ್ಲಿ ಕುಂತೀ” ಎಂದಳು. ಪರದೆಯ ಮೇಲೆ ಕನ್ನಡಕ ಹಾಕಿಕೊಂಡ ಒಬ್ಬ ಮುದುಕ ಕುರ್ಚಿಯಲ್ಲಿ ಕುಳಿತು ಪುಸ್ತಕ ಓದುತ್ತಿದ್ದನು.

ಆಟದ ಹಿನ್ನೆಲೆ

ಈ ಆಟದ ಹೆಸರು ‘ದ ಸಿಮ್ಸ್’. ಅಮೆರಿಕದ ವಿಲ್ ರೈಟ್ ಎಂಬವರು ಇದರ ಜನಕರು. ನಗರಗಳನ್ನು ಕಟ್ಟುವ ‘ಸಿಮ್‌ಸಿಟಿ’ ಎಂಬ ಆಟವನ್ನು 1989ರಲ್ಲಿ ಹೊರತಂದು ಅವರು ಅದಾಗಲೇ ಹೆಸರುವಾಸಿಯಾಗಿದ್ದರು. 1991ರ ಅಕ್ಟೋಬರದಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಗುಡ್ಡಗಳಿಗೆ ಬಿದ್ದ ಮಹಾ ಬೆಂಕಿಯಲ್ಲಿ ಅವರ ಮನೆ ಸುಟ್ಟುಹೋಯಿತು. ಸಂಸಾರಕ್ಕೆ ಬೇಕಾದ ಒಂದೊಂದೇ ವಸ್ತುವನ್ನು ಮತ್ತೆ ಕೂಡಿಸಿಕೊಳ್ಳುವಾಗ, ಮನುಷ್ಯನಿಗೆ ನಿಜವಾಗಿ ಬೇಕಾದುದೇನು ಎಂಬ ಯೋಚನೆ ಅವರಲ್ಲಿ ಮೊಳೆಯಿತು. ಆ ಯೋಚನೆಯೇ ಬೆಳೆದು 2000ದ ಫೆಬ್ರುವರಿಯಲ್ಲಿ ಆಟವಾಗಿ ಹೊರಬಂದಿತು. ಅದರ ನಾಲ್ಕನೆಯ ಅವತರಣಿಕೆ 2014ರ ಸೆಪ್ಟೆಂಬರದಲ್ಲಿ ಪ್ರಕಟವಾಯಿತು. 2022ರ ಅಕ್ಟೋಬರದಿಂದ ಅದರ ಮೂಲ ಭಾಗವು ಎಲ್ಲರಿಗೂ ಉಚಿತವಾಗಿದೆ. ನನ್ನ ಮೊಮ್ಮಗಳು ಆಡುವುದು ಇದನ್ನೇ.

ಇದರಲ್ಲಿ ಸೋಲು-ಗೆಲುವುಗಳಿಲ್ಲ. ಮನೆ ಕಟ್ಟುವುದು, ಮನೆಯಲ್ಲಿ ಜನರನ್ನು ಇಡುವುದು, ಅವರ ಊಟ, ನಿದ್ದೆ, ಕೆಲಸ, ಮದುವೆ, ಮಕ್ಕಳು, ಮುಪ್ಪುಗಳನ್ನು ನೋಡಿಕೊಳ್ಳುವುದು, ಇಷ್ಟೇ ಆಟ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಅಂಗಳದಲ್ಲಿ ಕಲ್ಲು ಜೋಡಿಸಿ ಮನೆ ಮಾಡಿ, “ಇವತ್ತ ನೀ ಅತ್ತಿ, ನಾ ಸೊಸಿ” ಎಂದು ಆಡುತ್ತಿದ್ದುದರ ಹೊಸ ರೂಪವೆನ್ನಬಹುದು. ಈ ಗೊಂಬೆ ಜನರು ಮಾತನಾಡುವುದು ‘ಸಿಮ್ಲಿಶ್’ ಎಂಬ ಅರ್ಥವಿಲ್ಲದ ಕಲ್ಪಿತ ಭಾಷೆಯನ್ನು. ಹೀಗಾಗಿ ಗಡಿಭಾಗದವರಾದ ನಮಗೆ ಪರಿಚಿತವಾದ ಭಾಷೆಯ ತಂಟೆ ಆ ಊರಿನಲ್ಲಿ ಇಲ್ಲವೇ ಇಲ್ಲ!

ಸಂಬಂಧದ ಲೆಕ್ಕ

ನನ್ನ ಗಮನ ಸೆಳೆದದ್ದು ಅಲ್ಲಿ ಸಂಬಂಧಗಳಿಗೂ ಖಾತೆಯಿದೆ ಎಂಬುದು. ಪ್ರತಿಯೊಂದು ಜೋಡಿಯ ನಡುವೆ ಎರಡು ಗೆರೆಗಳಿರಬಹುದು. ಒಂದು ಸ್ನೇಹದ್ದು, ಇನ್ನೊಂದು ಪ್ರಣಯದ್ದು. ಪ್ರತಿ ಗೆರೆಯೂ ಋಣ 100ರಿಂದ ಧನ 100ರವರೆಗೆ ಸಾಗುತ್ತದೆ. ಅಪರಿಚಿತರು ಸೊನ್ನೆಯಿಂದ ಪ್ರಾರಂಭಿಸುತ್ತಾರೆ. ಒಳ್ಳೆಯ ಮಾತು, ನಗೆ, ಉಪಕಾರಗಳಿಂದ ಸ್ನೇಹದ ಗೆರೆ ಹಸಿರಾಗಿ ಬೆಳೆಯುತ್ತದೆ. ಜಗಳ, ಮೂದಲಿಕೆಗಳಿಂದ ಕೆಂಪಾಗಿ ಇಳಿಯುತ್ತದೆ. ಭೇಟಿಯಿಲ್ಲದೆ ದಿನಗಳು ಕಳೆದರೆ ಜಗಳವೇನೂ ಆಗದಿದ್ದರೂ ಗೆರೆ ತಾನಾಗಿಯೇ ಕರಗುತ್ತದೆ. ಬಹಳ ಕಾಲ ಸಂಪರ್ಕವಿಲ್ಲದ ತೆಳುವಾದ ಪರಿಚಯಗಳನ್ನಂತೂ, ಯಂತ್ರದ ಭಾರ ಕಡಿಮೆ ಮಾಡಲೆಂದು, ಆಟವೇ ಅಳಿಸಿಹಾಕುತ್ತದೆ.

ಮೊದಲೆರಡು ಅವತರಣಿಕೆಗಳಲ್ಲಿ ಈ ಅಂಕಿ ಏಕಮುಖವಾಗಿತ್ತು. ರಾಮನಿಗೆ ಭೀಮನ ಮೇಲೆ 60 ಇರಬಹುದು, ಭೀಮನಿಗೆ ರಾಮನ ಮೇಲೆ 20 ಮಾತ್ರ ಇರಬಹುದು. ಈಗಿನ ನಾಲ್ಕನೆಯದರಲ್ಲಿ ಇಬ್ಬರಿಗೂ ಒಂದೇ ಅಂಕಿ. ಆದರೆ 2020ರ ನವೆಂಬರದಲ್ಲಿ ‘ಸೆಂಟಿಮೆಂಟ್’ ಎಂಬುದನ್ನು ಸೇರಿಸಿದರು. ಅಂದರೆ ಒಂದು ಘಟನೆಯಿಂದ ಒಬ್ಬನ ಮನದಲ್ಲಿ ಉಳಿದುಬಿಟ್ಟ ಭಾವ. ನೋವು, ಕಹಿ, ಸಿಟ್ಟು, ಅಕ್ಕರೆ, ಹೀಗೆ ಒಬ್ಬನಿಗೆ ಇನ್ನೊಬ್ಬನ ಬಗ್ಗೆ ನಾಲ್ಕರವರೆಗೆ ಇರಬಹುದು. ಇದು ಮಾತ್ರ ಏಕಮುಖವಾದುದು. ನೋಯಿಸಿದವನು ಮರೆತಿರುತ್ತಾನೆ, ನೊಂದವನು ಎದುರಿಗೆ ಬಂದೊಡನೆ ಆ ಭಾವ ಮೇಲೇಳುತ್ತದೆ. ಗಣಕಯಂತ್ರದವರು ಇಷ್ಟನ್ನು ಕಂಡುಕೊಂಡದ್ದು ನನಗೆ ಆಶ್ಚರ್ಯವೆನಿಸಿತು.

‘ಮಾಡ್’ ಎಂದರೇನು?

ಆಟವನ್ನು ತಯಾರಿಸಿದ ಕಂಪನಿಯಲ್ಲದೆ ಬೇರೆಯವರು, ಬಹುಮಟ್ಟಿಗೆ ಆಟಗಾರರೇ, ಬರೆದು ಸೇರಿಸುವ ತಿದ್ದುಪಡಿಗೆ ‘ಮಾಡ್’ ಎನ್ನುತ್ತಾರೆ. ನಮ್ಮ ‘ಮಾರ್ಪಾಡು’ ಎಂಬ ಶಬ್ದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಸಿಮ್ಸ್ 4ರಲ್ಲಿ ಇವು ಎರಡು ಬಗೆಯವು. ‘ಪ್ಯಾಕೇಜ್’ ಎಂದು ಕೊನೆಗೊಳ್ಳುವ ಕಡತಗಳು ಆಟದ ವಸ್ತು, ಶಬ್ದ, ಅಂಕಿಗಳನ್ನು ಬದಲಿಸುತ್ತವೆ. ‘ಟಿಎಸ್4ಸ್ಕ್ರಿಪ್ಟ್’ ಎಂದು ಕೊನೆಗೊಳ್ಳುವವು ಪೈಥಾನ್ ಎಂಬ ಗಣಕಭಾಷೆಯಲ್ಲಿ ಬರೆದವು. ಇವು ಆಟದ ನಡವಳಿಕೆಯನ್ನೇ ಬದಲಿಸಬಲ್ಲವು.

ಸಂಬಂಧಗಳನ್ನು ತಿದ್ದಲು ಹೆಸರಾದವು ಎರಡು. ‘ಯುಐ ಚೀಟ್ಸ್ ಎಕ್ಸ್‌ಟೆನ್ಷನ್’ ಇದ್ದರೆ ಗೆರೆಯ ಮೇಲೆ ಒತ್ತಿ ಅದನ್ನು ಬೇಕಾದ ಅಂಕಿಗೆ ಎಳೆಯಬಹುದು. ‘ಎಂಸಿ ಕಮಾಂಡ್ ಸೆಂಟರ್’ ಇನ್ನೂ ವಿಸ್ತಾರವಾದುದು. ಅದರ ಪಟ್ಟಿಗಳ ಮೂಲಕ ಇಬ್ಬರ ಪರಿಚಯ, ಸ್ನೇಹ, ಬಾಂಧವ್ಯಗಳನ್ನು ಬದಲಿಸಬಹುದು. ಮಾಡ್ ಇಲ್ಲದೆಯೂ ಕಂಟ್ರೋಲ್, ಶಿಫ್ಟ್, ಸಿ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಆಜ್ಞೆ ಬರೆದು ಅಂಕಿ ಬದಲಿಸಬಹುದು. ಆದರೆ ಅಕ್ಷರ ತಪ್ಪಿದರೆ ಕೆಲಸ ಕೆಡುತ್ತದೆ.

ಮಕ್ಕಳ ತಂದೆತಾಯಿಗಳಿಗೆ ಉಪಯೋಗವಾಗಲೆಂದು ಕ್ರಮವನ್ನು ಹೇಳುತ್ತೇನೆ. ಮೊದಲು ಆಟದ ಉಳಿಕೆ ಕಡತಗಳ, ಅಂದರೆ ‘ಸೇವ್ಸ್’ ಫೋಲ್ಡರಿನ, ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಬೇಕು. ಬಳಿಕ ‘ಡಾಕ್ಯುಮೆಂಟ್ಸ್’ನೊಳಗಿನ ಎಲೆಕ್ಟ್ರಾನಿಕ್ ಆರ್ಟ್ಸ್, ಅದರೊಳಗಿನ ದ ಸಿಮ್ಸ್ 4, ಅದರೊಳಗಿನ ‘ಮಾಡ್ಸ್’ ಎಂಬ ಫೋಲ್ಡರಿನಲ್ಲಿ ಮಾಡ್ ಕಡತಗಳನ್ನು ಇಡಬೇಕು. ಸ್ಕ್ರಿಪ್ಟ್ ಕಡತಗಳನ್ನು ಒಂದು ಒಳ ಫೋಲ್ಡರಿಗಿಂತ ಆಳದಲ್ಲಿ ಇಟ್ಟರೆ ಆಟ ಅವನ್ನು ಕಾಣುವುದಿಲ್ಲ. ನಂತರ ಆಟದ ಆಯ್ಕೆಗಳಲ್ಲಿ ಮಾಡ್‌ಗಳಿಗೂ ಸ್ಕ್ರಿಪ್ಟ್‌ಗಳಿಗೂ ಅನುಮತಿಯ ಗುರುತು ಹಾಕಿ ಆಟವನ್ನು ಮುಚ್ಚಿ ತೆರೆಯಬೇಕು. ಕಂಪನಿ ಹೊಸ ತಿದ್ದುಪಡಿ ಬಿಟ್ಟಾಗಲೆಲ್ಲ ಈ ಅನುಮತಿ ತಾನಾಗಿ ರದ್ದಾಗುತ್ತದೆ. ಏಕೆಂದರೆ ಹಳೆಯ ಮಾಡ್ ಹೊಸ ಆಟಕ್ಕೆ ಹೊಂದದೆ ಹೋಗಬಹುದು. ಯಾವ ಮಾಡ್ ಕೆಟ್ಟಿದೆಯೆಂದು ತಿಳಿಯಲು ಅರ್ಧದಷ್ಟನ್ನು ಹೊರತೆಗೆದು ನೋಡುವುದು, ತೊಂದರೆಯಿರುವ ಅರ್ಧವನ್ನು ಮತ್ತೆ ಅರ್ಧ ಮಾಡುವುದು, ಹೀಗೆ ಹುಡುಕುತ್ತಾರೆ. ಸಾವಿರಾರು ಎಳೆಗಳ ಹಾಸಿನಲ್ಲಿ ಹರಿದ ಎಳೆಯನ್ನು ಕಾಣಬಲ್ಲ ನಮ್ಮೂರ ನೇಕಾರರಿಗೆ ಈ ತಾಳ್ಮೆಯ ಪರಿಚಯವಿದೆ.

ಒಂದು ಎಚ್ಚರಿಕೆಯೂ ಅಗತ್ಯ. 2024ರಲ್ಲಿ ಈ ಆಟದ ಕೆಲವು ಸ್ಕ್ರಿಪ್ಟ್ ಮಾಡ್‌ಗಳೊಳಗೆ, ಗಣಕಯಂತ್ರದಲ್ಲಿನ ಗುಪ್ತಪದ ಮುಂತಾದವನ್ನು ಕದಿಯುವ ದುಷ್ಟ ತಂತ್ರಾಂಶವನ್ನು ಸೇರಿಸಿದ್ದು ಬಯಲಿಗೆ ಬಂದಿತು. ಆದುದರಿಂದ ಮಾಡ್ ಬರೆದವರ ಸ್ವಂತ ತಾಣದಿಂದಲ್ಲದೆ ಕಂಡಕಂಡಲ್ಲಿಂದ ಇಳಿಸಿಕೊಳ್ಳಬಾರದು. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಮಕ್ಕಳ ಮಾಡ್‌ಗಳು ಇರದಿರುವುದು ಲೇಸು.

ಹೆಸರಿಲ್ಲದ ನಂಟುಗಳು

ನಮ್ಮ ಮನೆಯನ್ನು ಆಟದಲ್ಲಿ ಕಟ್ಟುವಾಗ ಮೊಮ್ಮಗಳಿಗೆ ಒಂದು ತೊಡಕು ಎದುರಾಯಿತು. ಆಟಕ್ಕೆ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ-ಅಜ್ಜಿಯರು ಗೊತ್ತು. ಆದರೆ ನಮ್ಮ ಸೋದರತ್ತೆಗೂ ಚಿಗವ್ವನಿಗೂ ದೊಡ್ಡವ್ವನಿಗೂ ಅಲ್ಲಿ ‘ಆಂಟ್’ ಎಂಬ ಒಂದೇ ಶಬ್ದ. ಬೀಗರು, ನೆಗೆಣ್ಣಿ, ಷಡ್ಡಕ ಎಂಬವರಿಗಂತೂ ಹೆಸರೇ ಇಲ್ಲ. “ಇವರಿಗೆ ಏನಂತ ಬರೀಲಿ ಅಜ್ಜಾ?” ಎಂದು ಅವಳು ಕೇಳಿದಾಗ, ಈ ಹೆಸರುಗಳು ಅವಳಿಗೂ ಗೊತ್ತಿಲ್ಲವೆಂಬುದು ನನಗೆ ತಿಳಿಯಿತು. ಪುಣೆಯಲ್ಲಿ ಅವಳಿಗೆ ಕಾಕಾ, ಮಾಮಾ, ಆಂಟಿ ಇಷ್ಟರಲ್ಲಿಯೇ ಬದುಕು ಸಾಗುತ್ತದೆ.

‘ಸಿಮ್ಸ್ 4 ಸ್ಟುಡಿಯೋ’ ಎಂಬ ಉಚಿತ ಉಪಕರಣದಿಂದ ಆಟದೊಳಗಿನ ಶಬ್ದಗಳನ್ನು ಬದಲಿಸುವ ಮಾಡನ್ನು ಯಾರು ಬೇಕಾದರೂ ತಯಾರಿಸಬಹುದಂತೆ. ಅವಳು ಅದನ್ನು ಮಾಡುವ ಹುಮ್ಮಸ್ಸಿನಲ್ಲಿ ಒಂದು ವಹಿ ತೆಗೆದಳು. ನನ್ನ ಹೆಂಡತಿ ಹೇಳುತ್ತ ಹೋದಳು, ಮೊಮ್ಮಗಳು ಬರೆಯುತ್ತ ಹೋದಳು. ಎರಡು ಪುಟ ತುಂಬಿದವು. ಮಾಡ್ ಇನ್ನೂ ಆಗಿಲ್ಲ. ಆದರೆ ಆ ಪಟ್ಟಿ ಅವಳ ಬಾಯಿಗೆ ಬಂದಿದೆ.

ಸಣ್ಣಜ್ಜನ ಗೆರೆ

ಇನ್ನು ನನ್ನ ಸ್ವಂತದ ಸಂಗತಿ. ಆಟದ ಮನೆಯಲ್ಲಿ ಅವಳು ನನ್ನ ತಮ್ಮನನ್ನೂ ಇಟ್ಟಿದ್ದಳು. ಅವಳು ಅವನನ್ನು ಕಂಡದ್ದು ಅವಳ ತಂದೆಯ ಮದುವೆಯ ಫೋಟೋದಲ್ಲಿ ಮಾತ್ರ. “ಸಣ್ಣಜ್ಜ ಯಾಕ ನಮ್ಮ ಮನಿಗೆ ಬರೂದಿಲ್ಲ?” ಎಂದು ಹಿಂದೊಮ್ಮೆ ಕೇಳಿದ್ದಳು, ನಾನು ಉತ್ತರ ಕೊಟ್ಟಿರಲಿಲ್ಲ.

ಅವನೂ ಇದೇ ಶಾಲೆಯ ವಿದ್ಯಾರ್ಥಿ. ನನಗಿಂತ ಎರಡು ತರಗತಿ ಹಿಂದೆ. ತಂದೆಯವರು ತೀರಿಕೊಂಡ ಬಳಿಕ ಮನೆ ಮತ್ತು ನಾಲ್ಕು ಮಗ್ಗಗಳ ಹಂಚಿಕೆಯಾಯಿತು. ಲೆಕ್ಕ ಬರೆದವನು ನಾನೇ. ಪೈಸೆ ಪೈಸೆಗೂ ಸರಿಯಾಗಿ ಬರೆದೆನು. ಕಾಗದವನ್ನು ಓದಿ ಅವನು, “ಅಣ್ಣಾ, ಲೆಕ್ಕ ಸರಿ ಐತಿ. ಆದರ ಬರಿಯೂ ಮೊದಲ ನನ್ನ ಒಂದ ಮಾತ ಕೇಳಬೇಕಾಗಿತ್ತು” ಎಂದು ಹೇಳಿ ಸಹಿ ಹಾಕಿದನು. ತಪ್ಪೇನೆಂದು ನನಗೆ ಆಗ ತಿಳಿಯಲಿಲ್ಲ. ಅವನು ಗಡಹಿಂಗ್ಲಜಕ್ಕೆ ಹೋಗಿ ನೆಲೆಸಿದನು. ಹನ್ನೊಂದು ವರುಷಗಳಾದವು. ಒಂದು ದಿನದ ಜಗಳವೂ ಇಲ್ಲ, ಮಾತೂ ಇಲ್ಲ.

ಆಟದಲ್ಲಿ ಅವಳು ಸಣ್ಣಜ್ಜನಿಗೆ ಬೇರೆ ಮನೆ ಮಾಡಿಕೊಟ್ಟಳು. ಯಾವುದೋ ಮಾತಿಗೆ ಆ ಇಬ್ಬರು ಗೊಂಬೆ ಮುದುಕರೂ ಜಗಳವಾಡಿದ್ದರು. ಆಮೇಲೆ ಭೇಟಿಯಿಲ್ಲದೆ ಗೆರೆ ಇನ್ನೂ ಸವೆದಿತ್ತು. ಅವಳು ನಗುತ್ತ, ಮಾಡಿನ ಸಹಾಯದಿಂದ ಗೆರೆಯನ್ನು ಒಮ್ಮೆಲೇ 100ಕ್ಕೆ ಎಳೆದಳು. “ನೋಡಜ್ಜಾ, ಈಗ ಇಬ್ಬರೂ ಜೀವದ ಗೆಳೆಯರು” ಎಂದಳು. ಕ್ಷಣಾರ್ಧದಲ್ಲಿ ಗೆರೆ ತುಂಬ ಹಸಿರಾಯಿತು. ಆದರೆ ಸಣ್ಣಜ್ಜನನ್ನು ನಮ್ಮ ಮನೆಗೆ ಕರೆಸಿದಾಗ, ಅವನ ಮುಖ ಸಪ್ಪಗಾಯಿತು. ಅವನ ಪಾಲಿನ ‘ನೋವು’ ಎಂಬ ಭಾವದ ಗುರುತು ಹಾಗೆಯೇ ಇತ್ತು. ಮಾಡ್ ಮುಟ್ಟಿದ್ದು ಅಂಕಿಯನ್ನು ಮಾತ್ರ.

“ಇದನ್ನೂ ಅಳಿಸಾಕ ಬರತೈತಿ. ಅಳಿಸಲೇನು?” ಎಂದು ಕೇಳಿದಳು. ನಾನು ಬೇಡವೆಂದೆನು. ಮಾಡ್ ಇಲ್ಲದೆ ಏನು ಮಾಡಬಹುದೆಂದು ಕೇಳಿದೆನು. ಅವಳು ಮುದುಕನ ಮೇಲೆ ಒತ್ತಿ ಪಟ್ಟಿ ತೆರೆದಳು. ಅದರಲ್ಲಿ ಕ್ಷಮೆ ಕೇಳುವುದು ಎಂಬ ಆಯ್ಕೆ ಇತ್ತು. ಒಮ್ಮೆ ಕೇಳಿದರೆ ಸಾಲದು, ಮತ್ತೆ ಮತ್ತೆ ಕರೆಯಬೇಕು, ಜೊತೆಗೆ ಊಟ ಮಾಡಬೇಕು, ಹೊಸ ಒಳ್ಳೆಯ ಭಾವಗಳು ಹುಟ್ಟಬೇಕು ಎಂದು ವಿವರಿಸಿದಳು. “ಅದಕ್ಕ ಭಾಳ ದಿನಾ ಹಿಡಿತಾವು ಅಜ್ಜಾ” ಎಂದೂ ಸೇರಿಸಿದಳು.

ಮಾಡ್‌ಗಳನ್ನು ನಾನು ಹಳಿಯುವುದಿಲ್ಲ. ಕಥೆ ಕಟ್ಟಲು, ಮಗುವಿನ ಕಲ್ಪನೆಗೆ ತಕ್ಕ ಕುಟುಂಬವನ್ನು ರೂಪಿಸಲು ಅವು ಒಳ್ಳೆಯ ಸಾಧನಗಳು. ಭೇಟಿಯಿಲ್ಲದಿದ್ದರೂ ಗೆರೆ ಸವೆಯದಂತೆ ತಡೆಯುವ ಮಾಡ್‌ಗಳೂ ಉಂಟು. ದೂರದೂರಿನಲ್ಲಿ ಮಕ್ಕಳನ್ನು ಇಟ್ಟಿರುವ ನಮ್ಮಂಥವರಿಗೆ ಅದು ಇಷ್ಟವಾಗಬಹುದು. ಆದರೆ ಅಂಕಿ ಸರಿಯಾದೊಡನೆ ಸಂಬಂಧ ಸರಿಯಾಯಿತೆಂದು ತಿಳಿಯುವ ತಪ್ಪನ್ನು ಮಾಡಲು ಗಣಕಯಂತ್ರವೇ ಬೇಕೆಂದಿಲ್ಲ. ನಾನು ಹನ್ನೊಂದು ವರುಷಗಳ ಹಿಂದೆ ಬರಿಯ ಲೇಖಣಿಯಿಂದಲೇ ಅದನ್ನು ಮಾಡಿದ್ದೆನು.

ಸುವರ್ಣ ಮಹೋತ್ಸವದ ಆಮಂತ್ರಣ ಪತ್ರಿಕೆಗಳನ್ನು ಹಳೆಯ ವಿದ್ಯಾರ್ಥಿಗಳಿಗೆ ತಲುಪಿಸುವ ಕೆಲಸವನ್ನು ಸಮಿತಿಯವರು ಊರೂರಿಗೆ ಹಂಚಿದಾಗ, ಗಡಹಿಂಗ್ಲಜದ ಪಾಲನ್ನು ನಾನು ಕೇಳಿ ಪಡೆದುಕೊಂಡಿದ್ದೇನೆ. ಆರು ಮನೆಗಳಿವೆ. ಐದು ಮನೆಗಳಿಗೆ ಹೋಗಿಬಂದೆ. ಆರನೆಯದಕ್ಕೆ ಬರುವ ರವಿವಾರ ಮೊಮ್ಮಗಳನ್ನು ಕರೆದುಕೊಂಡು ಹೋಗುವವನಿದ್ದೇನೆ. ಅವಳು ಸಣ್ಣಜ್ಜನಿಗೆ ತೋರಿಸಲೆಂದು ನಂಟುಗಳ ಹೆಸರಿನ ಆ ವಹಿಯನ್ನು ತರುತ್ತಾಳಂತೆ. ಕೇಳಬೇಕಾಗಿದ್ದ ಆ ಒಂದು ಮಾತನ್ನು ನಾನು ಕೇಳಬೇಕಾಗಿದೆ.