ಫೋನಿನ ಸುದ್ದಿ ನಂಬುವ ಮೊದಲು



ಹೋದ ದೀಪಾವಳಿಗೆ ನಮ್ಮ ಮನೆಗೆ ಹೊಸ ಮೊಬೈಲ್ ಬಂತು. ಅಕ್ಕನ ಕಾಲೇಜು ಓದಿಗಾಗಿ ಅವ್ವ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡು ಅದು. ‘ಒಮ್ಮೆ ಚಾರ್ಜ್ ಮಾಡಿದರೆ ಎರಡು ದಿನ ಸಾಕು’ ಎಂದು ಒಬ್ಬ ವರದಿಗಾರರು ಬರೆದಿದ್ದರು. “ಪೇಪರಿನ್ಯಾಗ ಬಂದೈತಿ ಅಂದ್ರ ಖರೇನ ಇರ್ತೈತಿ” ಅಂದ್ರು ಅಪ್ಪ. ಆದರೆ ನಮ್ಮ ಕ್ಯಾಸಲ್‌ರಾಕ್‌ನಲ್ಲಿ ಅದು ಸಂಜೆಗೇ ಬಂದ್ ಬೀಳುತ್ತಿತ್ತು. ಅವ್ವನ ಮುಖ ಸಣ್ಣದಾಯಿತು.

ಹಾಗಾದರೆ ವರದಿಗಾರರು ಸುಳ್ಳು ಬರೆದರೇ? ಇದನ್ನು ನಮ್ಮ ವಿಜ್ಞಾನದ ಸರ್ ಹತ್ತಿರ ಕೇಳಿದೆ. “ಸುದ್ದಿಗೆ ನಾಲ್ಕು ಪ್ರಶ್ನೆ ಕೇಳು” ಅಂದ್ರು. ಅವು ಹೀಗಿವೆ.

1. ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆಯೇ? 2016ರ ಫೆಬ್ರವರಿಯಲ್ಲಿ ‘ಫ್ರೀಡಂ 251’ ಎಂಬ ಸ್ಮಾರ್ಟ್‌ಫೋನ್ ಬರೀ 251 ರೂಪಾಯಿಗೆ ಸಿಗುತ್ತದೆ ಎಂದು ದೊಡ್ಡ ಸುದ್ದಿಯಾಯಿತು. ಪತ್ರಿಕೆಗಳಲ್ಲಿ ಪುಟದ ತುಂಬ ಜಾಹೀರಾತೂ ಬಂತು. ಆದರೆ ಮಾದರಿ ಫೋನನ್ನು ತಿರುಗಿಸಿ ನೋಡಿದ ಕೆಲವು ವರದಿಗಾರರಿಗೆ ಬೇರೆಯೇ ಕಂಡಿತು. ‘ಆಡ್‌ಕಾಮ್’ ಎಂಬ ಬೇರೆ ಕಂಪನಿಯ ಹೆಸರಿನ ಮೇಲೆ ವೈಟ್ನರ್ ಬಳಿದಿದ್ದರು! ನಾವು ನೋಟ್‌ಬುಕ್ಕಿನಲ್ಲಿ ತಪ್ಪು ಮುಚ್ಚುತ್ತೇವಲ್ಲ, ಹಾಗೆ. ಆ ಆಡ್‌ಕಾಮ್ ಫೋನಿನ ಬೆಲೆ ಆಗ 3,500 ರೂಪಾಯಿಗೂ ಹೆಚ್ಚಿತ್ತು. ಕೊನೆಗೆ ಬಹಳ ಜನರಿಗೆ 251ರ ಫೋನ್ ಬರಲೇ ಇಲ್ಲ.

2. ಅದು ಆಗುವ ಮಾತೇ? 2016ರ ನವೆಂಬರ್‌ನಲ್ಲಿ ಹೊಸ 2,000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ಅದನ್ನು 120 ಮೀಟರ್ ಆಳದಲ್ಲಿ ಹೂಳಿದರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂದು ಕೆಲವು ಟಿವಿ ಚಾನೆಲ್‌ಗಳು ಹೇಳಿದವು. ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿ.ಮೀ. ಎತ್ತರದಲ್ಲಿವೆ. ಅವು ಸಂಕೇತ ಕಳಿಸುತ್ತವೆ ಅಷ್ಟೇ, ನಮ್ಮನ್ನು ಹುಡುಕುವುದಿಲ್ಲ. ಆ ಸಂಕೇತ ಹಿಡಿಯುವ ಯಂತ್ರಕ್ಕೆ ವಿದ್ಯುತ್ ಬೇಕು. ಕಾಗದದ ನೋಟಿನಲ್ಲಿ ಬ್ಯಾಟರಿ ಎಲ್ಲಿದೆ? ಚಿಪ್ ಇಲ್ಲವೆಂದು ರಿಸರ್ವ್ ಬ್ಯಾಂಕೂ ಹೇಳಿತು.

3. ಎಲ್ಲಿ ಪರೀಕ್ಷೆ ಮಾಡಿದರು? ನಮ್ಮ ಉತ್ತರ ಇಲ್ಲಿತ್ತು. ಟವರ್ ದೂರವಿದ್ದರೆ ಫೋನು ಸಿಗ್ನಲ್ಲಿಗಾಗಿ ಮತ್ತೆ ಮತ್ತೆ ಹುಡುಕುತ್ತದೆ, ಜೋರಾಗಿ ಕೂಗುತ್ತದೆ. ಅದರಿಂದ ಬ್ಯಾಟರಿ ಬೇಗ ಖಾಲಿ. ಪೇಟೆಯಲ್ಲಿ ಎರಡು ದಿನ ನಡೆದದ್ದು ನಮ್ಮ ಘಟ್ಟದ ಕಾಡಿನಲ್ಲಿ ನಡೆಯಲೇಬೇಕೆಂದಿಲ್ಲ. ಆ ವರದಿಗಾರರು ಸುಳ್ಳು ಬರೆದಿರಲಿಕ್ಕಿಲ್ಲ. ಆದರೆ ಎಲ್ಲಿ ನೋಡಿದೆ ಅಂತ ಬರೆದಿರಲಿಲ್ಲ, ನಾವೂ ಕೇಳಲಿಲ್ಲ.

4. ಕೊರತೆಯನ್ನೂ ಬರೆಯುತ್ತಾರೆಯೇ? ಫೋನು ಕಂಪನಿ ಕೊಟ್ಟಿದ್ದೋ, ಸ್ವಂತ ದುಡ್ಡಿನದೋ ಎಂದು ತಿಳಿಸಬೇಕು. ತಪ್ಪಾದರೆ ಒಪ್ಪಿಕೊಂಡು ತಿದ್ದಬೇಕು. ಬರೀ ಹೊಗಳಿದರೆ ಅದು ಜಾಹೀರಾತೇ ಸೈ.

ಆಮೇಲೆ ನಾನೇ ಒಂದು ಪರೀಕ್ಷೆ ಮಾಡಿದೆ. ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಏಳು ದಿನ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಐದು ದಿನ ಬ್ಯಾಟರಿ ಮರುದಿನ ಬೆಳಗಿನವರೆಗೂ ಉಳಿಯಿತು. ಅಕ್ಕನಿಗೆ ರಾತ್ರಿ ಓದಲು ಸಾಕಾಯಿತು. ಅವ್ವ ನಕ್ಕಳು.

ಆದರೆ ಗೆಳೆಯರೇ, ಇದು ಒಂದೇ ಮನೆಯ, ಒಂದೇ ಫೋನಿನ ಲೆಕ್ಕ. ನನ್ನ ಮಾತನ್ನೂ ಹಾಗೇ ನಂಬಬೇಡಿ. ನಿಮ್ಮ ಮನೆಯಲ್ಲಿ ಮಾಡಿ ನೋಡಿ, ಈ ಲೇಖನದ ಕೆಳಗೆ ಚೀಟಿ ಅಂಟಿಸಿರಿ. ತಪ್ಪಿದ್ದರೆ ತಿದ್ದಿ ಬರೆಯುತ್ತೇನೆ.